ಕೋಡ್ ಬೇಡ ಸರಿ, ಕೀಲಿ ಯಾರ ಕೈಲಿ?

ಕೋಡಿಂಗ್ ಬರದಿದ್ದರೂ ಪರವಾಗಿಲ್ಲ, ಕೂತಲ್ಲೇ ವೆಬ್‌ಸೈಟ್ ಮಾಡ್ಕೊಳ್ಳಿ ಅನ್ನೋ ಜಾಹೀರಾತು ನೋಡದವರು ಈಗ ಯಾರಿದ್ದಾರೆ? ಯೂಟ್ಯೂಬ್‌ನಲ್ಲಿ ಹಾಡು ಶುರುವಾಗೋಕೆ ಮುಂಚೆ ಬರುತ್ತೆ, ನಾವು ಐದು ಸೆಕೆಂಡ್ ಕಾದು ಸ್ಕಿಪ್ ಒತ್ತುತ್ತೇವೆ. ವಿಕ್ಸ್, ಸ್ಕ್ವೇರ್‌ಸ್ಪೇಸ್, ವೆಬ್‌ಫ್ಲೋ, ಶಾಪಿಫೈ... ಹೆಸರು ಯಾವುದೇ ಇರಲಿ, ಹೇಳೋ ಮಾತು ಒಂದೇ. ಇದಕ್ಕೀಗ ‘ನೋ-ಕೋಡ್’ ಅಂತ ಹೊಸ ಹೆಸರು ಬಂದಿದೆ. ಆದರೆ ಮಾತು ಮಾತ್ರ ಹಳೆಯದು. ಎಷ್ಟು ಹಳೆಯದು ಅಂದರೆ, ವೆಬ್‌ಗೆ ಎಷ್ಟು ವಯಸ್ಸಾಗಿದೆಯೋ ಅಷ್ಟು.

1990ರ ಕೊನೆಯಲ್ಲಿ ಜಿನೀವಾ ಹತ್ತಿರದ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರು ನೆಕ್ಸ್ಟ್ ಕಂಪನಿಯ ಕಪ್ಪು ಬಣ್ಣದ ಕಂಪ್ಯೂಟರ್ ಮುಂದೆ ಕೂತು ಜಗತ್ತಿನ ಮೊದಲ ಬ್ರೌಸರ್ ಬರೆದರು. ಅದರ ಹೆಸರೂ ವರ್ಲ್ಡ್‌ವೈಡ್‌ವೆಬ್ ಅಂತಲೇ. ಅದರ ಬಗ್ಗೆ ಬಹಳ ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಆ ಬ್ರೌಸರ್‌ನಲ್ಲಿ ಓದುವುದರ ಜೊತೆಗೆ ಬರೆಯಲೂಬಹುದಿತ್ತು. ನಾವು ವರ್ಡ್‌ನಲ್ಲಿ ಟೈಪ್ ಮಾಡೋ ಹಾಗೆ ಪುಟದ ಮೇಲೇ ಟೈಪ್ ಮಾಡಿ, ಬೇಕಾದ ಪದವನ್ನು ಆಯ್ದು ಅದಕ್ಕೆ ಲಿಂಕ್ ಕೊಟ್ಟು, ಸೇವ್ ಮಾಡಿದರೆ ಮುಗೀತು. ಎಚ್‌ಟಿಎಂಎಲ್‌ನ ಟ್ಯಾಗ್‌ಗಳನ್ನು ಜನ ಕೈಯಾರೆ ಬರೆಯಬೇಕಾಗಿ ಬರುತ್ತದೆ ಅನ್ನೋ ಎಣಿಕೆಯೇ ಬರ್ನರ್ಸ್-ಲೀ ಅವರಿಗೆ ಇರಲಿಲ್ಲ. ಒಂದು ಲೆಕ್ಕದಲ್ಲಿ ಮೊಟ್ಟಮೊದಲ ಬ್ರೌಸರೇ ಮೊಟ್ಟಮೊದಲ ನೋ-ಕೋಡ್ ಸಾಧನ.

ಆಮೇಲೇನಾಯ್ತು? ನೆಕ್ಸ್ಟ್ ಕಂಪ್ಯೂಟರ್ ದುಬಾರಿ, ಅದನ್ನು ಇಟ್ಟುಕೊಂಡವರು ಕಡಿಮೆ. ಬೇರೆ ಯಂತ್ರಗಳಿಗೂ ಬ್ರೌಸರ್ ಬೇಕಿತ್ತು. ಸರ್ನ್‌ಗೆ ತರಬೇತಿಗೆ ಬಂದಿದ್ದ ಗಣಿತದ ವಿದ್ಯಾರ್ಥಿನಿ ನಿಕೋಲಾ ಪೆಲೋ ಹೆಚ್ಚುಕಡಿಮೆ ಎಲ್ಲ ಕಂಪ್ಯೂಟರ್‌ಗಳಲ್ಲೂ ಓಡುವ ಒಂದು ಸರಳ ಬ್ರೌಸರ್ ಬರೆದರು. ಅದರಲ್ಲಿ ಓದಬಹುದಿತ್ತು, ತಿದ್ದೋಕೆ ಆಗ್ತಿರಲಿಲ್ಲ. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ ಮೊಸಾಯಿಕ್ ಬಂತು. ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬಿನಾ ಬರೆದ ಈ ಬ್ರೌಸರ್‌ನಲ್ಲಿ ಅಕ್ಷರದ ಪಕ್ಕದಲ್ಲೇ ಚಿತ್ರ ಕಾಣುತ್ತಿತ್ತು. ಜನಸಾಮಾನ್ಯರು ವೆಬ್ ಅಂತ ಮೊದಲು ನೋಡಿದ್ದು ಇದನ್ನೇ. ಇದರಲ್ಲೂ ಬರೆಯುವ ಅನುಕೂಲ ಇರಲಿಲ್ಲ. ಹೀಗೆ ಓದುವವರು ಒಂದು ಕಡೆ, ಬರೆಯುವವರು ಇನ್ನೊಂದು ಕಡೆ ಆದರು. ನಡುವೆ ಎಚ್‌ಟಿಎಂಎಲ್ ಅನ್ನೋ ಬೇಲಿ ಎದ್ದಿತು.

ಆ ಬೇಲಿಯನ್ನು ಜನರಿಗೆ ದಾಟಿಸುವ ವ್ಯಾಪಾರ ಮೂವತ್ತು ವರ್ಷದಿಂದ ನಡೀತಾ ಇದೆ. ದಾಟಿಸಿದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ಸುಂಕ ಕಟ್ಟಿಸಿಕೊಂಡಿದ್ದಾರೆ. ಆ ಸುಂಕ ಯಾವಾಗಲೂ ದುಡ್ಡಿನ ರೂಪದಲ್ಲಿ ಇರಲಿಲ್ಲ ಅನ್ನೋದೇ ಈ ಇತಿಹಾಸದಲ್ಲಿ ನಾವು ಗಮನಿಸಬೇಕಾದ ವಿಷಯ.

ಮೊದಲ ದೊಡ್ಡ ದಾಟಿಸುವವರು ಜಿಯೋಸಿಟೀಸ್. 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಡೇವಿಡ್ ಬೋನೆಟ್ ಮತ್ತು ಜಾನ್ ರೆಜ್ನರ್ ಇದನ್ನು ಬೆವರ್ಲಿ ಹಿಲ್ಸ್ ಇಂಟರ್‌ನೆಟ್ ಅನ್ನೋ ಹೆಸರಲ್ಲಿ ಶುರು ಮಾಡಿದ್ದರು. ಮಾರನೇ ವರ್ಷ ಅವರಿಗೆ ಒಂದು ಒಳ್ಳೆ ಐಡಿಯಾ ಬಂತು: ವೆಬ್ ಅನ್ನು ಒಂದು ಊರಿನ ಥರ ಬಡಾವಣೆಗಳಾಗಿ ವಿಂಗಡಿಸಿ, ಜನರಿಗೆ ಪುಕ್ಕಟೆ ಸೈಟ್ ಹಂಚುವುದು. ಸಿನಿಮಾ ಹುಚ್ಚಿದ್ದವರಿಗೆ ‘ಹಾಲಿವುಡ್’, ಕಂಪ್ಯೂಟರ್‌ನವರಿಗೆ ‘ಸಿಲಿಕಾನ್‌ವ್ಯಾಲಿ’, ಶಾಸ್ತ್ರೀಯ ಸಂಗೀತದವರಿಗೆ ‘ವಿಯೆನ್ನಾ’, ಹಾರುವ ತಟ್ಟೆಯ ಕಥೆ ನಂಬುವವರಿಗೆ ‘ಏರಿಯಾ 51’. ಬಡಾವಣೆ ಆರಿಸಿಕೊಂಡು ಮನೆ ನಂಬರ್ ತಗೊಂಡರೆ ನಿಮ್ಮ ಪುಟ ತಯಾರು. ಬೆಂಗಳೂರಿನವರಿಗೆ ಇದು ಚೆನ್ನಾಗಿ ಅರ್ಥವಾಗುತ್ತೆ: ಮೇನು, ಕ್ರಾಸು, ಡೋರ್ ನಂಬರು. ನಮ್ಮಲ್ಲಿ ಸೈಟ್ ಅಂದರೆ ಎರಡೂ ಅರ್ಥ ಬರುತ್ತಲ್ಲ, ಜಿಯೋಸಿಟೀಸ್‌ನಲ್ಲಿ ಆ ಎರಡೂ ಅರ್ಥ ಒಂದೇ ಆಗಿತ್ತು.

ಆ ಪುಟಗಳು ನೋಡೋಕೆ ಭಯಂಕರವಾಗಿದ್ದವು. ಮಿನುಗುವ ನಕ್ಷತ್ರ, ಓಡುವ ಅಕ್ಷರ, ತಾನಾಗೇ ಶುರುವಾಗುವ ಸಂಗೀತ, ‘ಕಾಮಗಾರಿ ನಡೆಯುತ್ತಿದೆ’ ಅನ್ನೋ ಹಳದಿ ಬೋರ್ಡು, ಎಷ್ಟು ಜನ ಬಂದುಹೋದರು ಅಂತ ಎಣಿಸುವ ಮೀಟರು. ಡಿಸೈನರ್‌ಗಳು ನಕ್ಕರು. ಆದರೆ ಆ ಪುಟ ಮಾಡಿದವರು ಶಾಲಾ ಮೇಷ್ಟ್ರು, ಗೃಹಿಣಿ, ಹೈಸ್ಕೂಲ್ ಹುಡುಗ. ಪತ್ರಿಕೆಯಲ್ಲಿ ಒಂದು ಸಾಲು ಅಚ್ಚಾಗದವರು ಜಗತ್ತಿಗೆ ಕಾಣುವ ಹಾಗೆ ತಮ್ಮ ಬೆಕ್ಕಿನ ಬಗ್ಗೆ, ತೀರಿಕೊಂಡ ಅಪ್ಪನ ಬಗ್ಗೆ, ತಮ್ಮ ಕಾಯಿಲೆಯ ಬಗ್ಗೆ ಬರೆದುಕೊಂಡರು.

1999ರ ಜನವರಿಯಲ್ಲಿ ಯಾಹೂ ಸುಮಾರು 350 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಇಡೀ ಊರನ್ನೇ ಕೊಂಡುಕೊಂಡಿತು. ಕೆಲವೇ ತಿಂಗಳಲ್ಲಿ ಹೊಸ ಓನರ್ ನಿಯಮ ಬದಲಾಯಿಸಿದರು. ನೀವು ಬರೆದದ್ದರ ಮೇಲೆ ನಮಗೂ ಹಕ್ಕಿದೆ ಅನ್ನೋ ಅರ್ಥದ ಷರತ್ತು ಬಂತು. ನಿವಾಸಿಗಳು ರೊಚ್ಚಿಗೆದ್ದರು. ತಮ್ಮ ಪುಟಗಳ ಬಣ್ಣ, ಚಿತ್ರ ಎಲ್ಲ ತೆಗೆದು ಬೂದು ಬಣ್ಣ ಬಳಿದು, ಊರೇ ಪಾಳುಬಿದ್ದ ಹಾಗೆ ಮಾಡಿ ಪ್ರತಿಭಟಿಸಿದರು. ಯಾಹೂ ಷರತ್ತನ್ನು ಸಡಿಲಿಸಿತು. ಆ ಸಲ ಬಾಡಿಗೆದಾರರು ಗೆದ್ದರು. ಹತ್ತು ವರ್ಷದ ನಂತರ ಪ್ರತಿಭಟನೆಗೂ ಅವಕಾಶ ಇರಲಿಲ್ಲ. 2009ರ ಅಕ್ಟೋಬರ್ 26ರಂದು ಯಾಹೂ ಜಿಯೋಸಿಟೀಸ್‌ಗೆ ಬೀಗ ಹಾಕಿತು. ಆರ್ಕೈವ್ ಟೀಮ್ ಅನ್ನೋ ಸ್ವಯಂಸೇವಕರ ಗುಂಪು ಹಗಲು ರಾತ್ರಿ ಡೌನ್‌ಲೋಡ್ ಮಾಡಿ ಕೈಗೆ ಸಿಕ್ಕಷ್ಟನ್ನು ಉಳಿಸಿತು. ಮಿಕ್ಕಿದ್ದು ಹೋಯ್ತು.

ಇದೇ ಹೊತ್ತಿನಲ್ಲಿ ಬೇಲಿ ದಾಟುವ ಇನ್ನೊಂದು ದಾರಿಯೂ ತೆರೆದುಕೊಂಡಿತ್ತು: ವೆಬ್‌ಸೈಟ್ ಮಾಡುವ ಸಾಫ್ಟ್‌ವೇರನ್ನು ಅಂಗಡಿಯಲ್ಲಿ ಕೊಂಡು ನಿಮ್ಮ ಕಂಪ್ಯೂಟರ್‌ಗೆ ಹಾಕಿಕೊಳ್ಳುವುದು. 1994ರಲ್ಲಿ ಚಾರ್ಲ್ಸ್ ಫರ್ಗ್ಯುಸನ್ ಮತ್ತು ರ‍್ಯಾಂಡಿ ಫೋರ್ಗಾರ್ಡ್ ಕಟ್ಟಿದ ವರ್ಮೀರ್ ಟೆಕ್ನಾಲಜೀಸ್ ‘ಫ್ರಂಟ್‌ಪೇಜ್’ ತಯಾರಿಸಿತು. ಮೈಕ್ರೋಸಾಫ್ಟ್ 1996ರ ಜನವರಿಯಲ್ಲಿ ಸುಮಾರು 13 ಕೋಟಿ ಡಾಲರ್‌ಗೆ ಅದನ್ನು ಕೊಂಡಿತು. (ಈ ಫರ್ಗ್ಯುಸನ್ ಆಮೇಲೆ ಸಿನಿಮಾ ಕಡೆ ತಿರುಗಿ, 2008ರ ಆರ್ಥಿಕ ಕುಸಿತದ ಬಗ್ಗೆ ‘ಇನ್‌ಸೈಡ್ ಜಾಬ್’ ಅನ್ನೋ ಸಾಕ್ಷ್ಯಚಿತ್ರ ಮಾಡಿ ಆಸ್ಕರ್ ಗೆದ್ದರು.) 1997ರ ಕೊನೆಗೆ ಮ್ಯಾಕ್ರೋಮೀಡಿಯಾದ ಡ್ರೀಮ್‌ವೀವರ್ ಬಂತು. ಇಂಥ ಸಾಫ್ಟ್‌ವೇರ್ ಹಿಂದುಗಡೆ ಬರೆಯುತ್ತಿದ್ದ ಕೋಡ್, ಅದರಲ್ಲೂ ಫ್ರಂಟ್‌ಪೇಜ್‌ನ ಕೋಡ್, ಅಡ್ಡಾದಿಡ್ಡಿ ಅಂತ ಪ್ರೋಗ್ರಾಮರ್‌ಗಳು ಗೊಣಗುತ್ತಿದ್ದರು. ಗೊಣಗಿದ್ದು ಸುಳ್ಳೇನಲ್ಲ. ಆದರೆ ಒಂದು ಒಳ್ಳೆಯ ಗುಣವೂ ಇತ್ತು. ಫೈಲುಗಳು ನಿಮ್ಮ ಹಾರ್ಡ್ ಡಿಸ್ಕ್‌ನಲ್ಲೇ ಇರುತ್ತಿದ್ದವು. ಹೋಸ್ಟಿಂಗ್ ಕಂಪನಿ ಸರಿಯಿಲ್ಲ ಅಂದರೆ ಫೈಲುಗಳನ್ನು ಇನ್ನೊಂದು ಸರ್ವರ್‌ಗೆ ಏರಿಸಬಹುದಿತ್ತು. ಅದಕ್ಕೂ ಫ್ರಂಟ್‌ಪೇಜ್ ಒಂದು ಸಣ್ಣ ಗಂಟು ಹಾಕಿತ್ತು ಅನ್ನಿ. ಅದರ ಕೆಲವು ಸೌಲಭ್ಯ ಕೆಲಸ ಮಾಡಬೇಕಾದರೆ ಸರ್ವರ್‌ನಲ್ಲೂ ಫ್ರಂಟ್‌ಪೇಜ್‌ನ ತುಣುಕು ಇರಬೇಕಿತ್ತು.

ಮೂರನೇ ದಾರಿ ಕಂಡುಕೊಂಡವರು ಪಾಲ್ ಗ್ರಹಾಂ ಮತ್ತು ರಾಬರ್ಟ್ ಮಾರಿಸ್. 1988ರಲ್ಲಿ ಇಂಟರ್‌ನೆಟ್ಟನ್ನೇ ತತ್ತರಿಸುವಂತೆ ಮಾಡಿದ ‘ಮಾರಿಸ್ ವರ್ಮ್’ ಬರೆದದ್ದು ಇದೇ ಮಾರಿಸ್. 1995ರಲ್ಲಿ ಇವರು ಮೊದಲು ಆರ್ಟ್ ಗ್ಯಾಲರಿಗಳ ಬಾಗಿಲು ತಟ್ಟಿದರು. ಗ್ಯಾಲರಿಯವರಿಗೆ ಆನ್‌ಲೈನ್ ಹೋಗುವ ಆಸೆಯೇ ಇರಲಿಲ್ಲ. ಆಗ ಅಂಗಡಿಯವರ ಕಡೆ ತಿರುಗಿ ‘ವಯಾವೆಬ್’ ಮಾಡಿದರು. ಇಲ್ಲಿ ಅಂಗಡಿಯವರು ಏನನ್ನೂ ಇನ್‌ಸ್ಟಾಲ್ ಮಾಡಬೇಕಿರಲಿಲ್ಲ. ಬ್ರೌಸರ್ ತೆರೆದು ಕ್ಲಿಕ್ ಮಾಡುತ್ತಾ ಹೋದರೆ ಆ ತುದಿಯ ಸರ್ವರ್‌ನಲ್ಲಿ ಅಂಗಡಿ ಕಟ್ಟಿಕೊಳ್ಳುತ್ತಿತ್ತು. ಸಣ್ಣ ಅಂಗಡಿಗೆ ತಿಂಗಳಿಗೆ 100 ಡಾಲರ್, ದೊಡ್ಡದಕ್ಕೆ 300. ಇವತ್ತು ನಮ್ಮ ಕಾರ್ಡಿನಿಂದ ತಿಂಗಳು ತಿಂಗಳು ಕಡಿತವಾಗುವ ಎಷ್ಟೋ ಸಬ್‌ಸ್ಕ್ರಿಪ್ಷನ್‌ಗಳ ಅಜ್ಜ ಅಂದರೆ ಇದೇ. 1998ರಲ್ಲಿ ಇದನ್ನೂ ಯಾಹೂ ಸುಮಾರು 4.9 ಕೋಟಿ ಡಾಲರ್ ಬೆಲೆಯ ಷೇರು ಕೊಟ್ಟು ಕೊಂಡು, ಯಾಹೂ ಸ್ಟೋರ್ ಅಂತ ಹೆಸರಿಟ್ಟಿತು.

ಇಲ್ಲಿ ಸ್ವಲ್ಪ ನಿಂತು ನೋಡೋಣ. ಫ್ರಂಟ್‌ಪೇಜ್ ಕಾಲದಲ್ಲಿ ಸಾಧನವೂ ನಿಮ್ಮದು, ಫೈಲೂ ನಿಮ್ಮದು. ವಯಾವೆಬ್ ಬಂದ ಮೇಲೆ ಎರಡೂ ಅವರ ಸರ್ವರ್‌ಗೆ ಹೋದವು. ಅನುಕೂಲ ಎಷ್ಟೋ ಪಾಲು ಹೆಚ್ಚಾಯಿತು. ಅದರ ಜೊತೆಗೇ, ಎದ್ದು ಹೊರಡಬೇಕೆಂದರೆ ಕೈಯಲ್ಲಿ ಏನನ್ನು ಹಿಡಿದುಕೊಂಡು ಹೊರಡಬೇಕು ಅನ್ನೋ ಪ್ರಶ್ನೆ ಹುಟ್ಟಿತು. ಮುಂದೆ ಬಂದ ವೇದಿಕೆಗಳನ್ನು ಈ ಒಂದು ಪ್ರಶ್ನೆ ಇಟ್ಟುಕೊಂಡು ಅಳೆದರೆ ಸಾಕು, ಅವುಗಳ ವ್ಯತ್ಯಾಸ ತಾನಾಗೇ ಗೊತ್ತಾಗುತ್ತೆ.

ಬ್ಲಾಗರ್ ಕಥೆ ನೋಡಿ. 1999ರ ಆಗಸ್ಟ್‌ನಲ್ಲಿ ಪೈರಾ ಲ್ಯಾಬ್ಸ್ ಅನ್ನೋ ಪುಟ್ಟ ಕಂಪನಿ ಇದನ್ನು ಶುರು ಮಾಡಿದಾಗ ವ್ಯವಸ್ಥೆ ಚೆನ್ನಾಗಿತ್ತು: ಬರೆಯೋದು ಅವರ ತಾಣದಲ್ಲಿ, ಪ್ರಕಟವಾಗೋದು ನಿಮ್ಮ ಸ್ವಂತ ಸರ್ವರ್‌ನಲ್ಲಿ. ಸ್ವಂತ ಸರ್ವರ್ ಇಲ್ಲದವರಿಗೆ ಅಂತ ಆಮೇಲೆ ಬ್ಲಾಗ್‌ಸ್ಪಾಟ್ ಬಂತು. 2003ರಲ್ಲಿ ಗೂಗಲ್ ಎಲ್ಲವನ್ನೂ ಕೊಂಡಿತು. 2010ರಲ್ಲಿ ಸ್ವಂತ ಸರ್ವರ್‌ಗೆ ಪ್ರಕಟಿಸುವ ಸೌಲಭ್ಯವನ್ನೇ ನಿಲ್ಲಿಸಿತು. ಹಾಗಂತ ಯಾರೂ ಬೀದಿಗಿಳಿಯಲಿಲ್ಲ. ಅಷ್ಟೊತ್ತಿಗೆ ಬಹುಪಾಲು ಜನ ಬಾಡಿಗೆ ಮನೆಗೇ ಒಗ್ಗಿಹೋಗಿದ್ದರು.

ನಮ್ಮ ಭಾಷೆಗೆ ಇದೇ ಬಾಡಿಗೆ ಮನೆ ಮಾಡಿದ ಉಪಕಾರ ದೊಡ್ಡದು. 1996ರಲ್ಲಿ ಯು. ಬಿ. ಪವನಜ ಅವರು ‘ವಿಶ್ವ ಕನ್ನಡ’ ತಾಣ ಶುರು ಮಾಡಿದ ಕಾಲದಲ್ಲಿ ವೆಬ್‌ನಲ್ಲಿ ಕನ್ನಡ ಕಾಣಿಸೋದೇ ಒಂದು ಸಾಹಸ. ಒಂದೊಂದು ತಂತ್ರಾಂಶಕ್ಕೂ ಒಂದೊಂದು ಫಾಂಟು, ಓದುಗರ ಕಂಪ್ಯೂಟರ್‌ನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹುಡುಕಿದರೆ ಏನೂ ಸಿಗುತ್ತಿರಲಿಲ್ಲ. ವಿಂಡೋಸ್ ಎಕ್ಸ್‌ಪಿ ಜೊತೆಗೆ ‘ತುಂಗಾ’ ಯೂನಿಕೋಡ್ ಫಾಂಟ್ ಬಂತು, ಟೈಪ್ ಮಾಡೋಕೆ ಬರಹ ಇತ್ತು, ಪುಕ್ಕಟೆ ಜಾಗ ಕೊಡಲು ಬ್ಲಾಗ್‌ಸ್ಪಾಟ್ ಮತ್ತು ವರ್ಡ್‌ಪ್ರೆಸ್ ಇದ್ದವು. ಈ ಮೂರೂ ಕೂಡಿದ ಮೇಲೆ, 2005ರ ಆಸುಪಾಸಿನಿಂದ, ಕನ್ನಡ ಬ್ಲಾಗ್‌ಗಳ ಸುಗ್ಗಿ ಶುರುವಾಯ್ತು. ಸಾಫ್ಟ್‌ವೇರ್ ಕಂಪನಿಯ ಕ್ಯೂಬಿಕಲ್‌ನಿಂದ, ಅಮೆರಿಕದ ಯಾವುದೋ ಚಳಿಯ ಊರಿಂದ, ಮಲೆನಾಡಿನ ಹಳ್ಳಿಯ ಸೈಬರ್ ಕೆಫೆಯಿಂದ ಜನ ಬರೆದರು. ಸಂಪಾದಕರ ಒಪ್ಪಿಗೆಯೂ ಬೇಕಿರಲಿಲ್ಲ, ಕೋಡೂ ಬೇಕಿರಲಿಲ್ಲ. ನಿಮ್ಮ ಕೈಯಲ್ಲಿರುವ ಇಂಥ ಪುಸ್ತಕಗಳ ಬೇರು ಅಲ್ಲಿದೆ.

ಈ ಪಟ್ಟಿಯಲ್ಲಿ ವರ್ಡ್‌ಪ್ರೆಸ್ ಸ್ವಲ್ಪ ಬೇರೆ ಜಾತಿಯ ಗಿಡ. 2003ರ ಮೇ 27ರಂದು ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟ್ಲ್ ಅದನ್ನು ಬಿಡುಗಡೆ ಮಾಡಿದರು. ಬಿ2 ಅನ್ನೋ ಹಳೆಯ ತಂತ್ರಾಂಶದ ಕೆಲಸ ನಿಂತುಹೋಗಿತ್ತು. ಅದು ಮುಕ್ತ ತಂತ್ರಾಂಶ ಆಗಿದ್ದರಿಂದ ಇವರು ಎತ್ತಿಕೊಂಡು ಮುಂದುವರಿಸಿದರು. ಅವರ ತಾಣದಲ್ಲೇ ಬಾಡಿಗೆಗಿರಿ, ಅಥವಾ ತಂತ್ರಾಂಶ ಇಳಿಸಿಕೊಂಡು ನಿಮ್ಮ ಸ್ವಂತ ಸರ್ವರ್‌ನಲ್ಲಿ ನಡೆಸಿ, ಎರಡಕ್ಕೂ ದಾರಿ ಇದೆ. ಇವತ್ತು ಜಗತ್ತಿನ ವೆಬ್‌ಸೈಟ್‌ಗಳಲ್ಲಿ ಶೇಕಡಾ 40ಕ್ಕೂ ಹೆಚ್ಚು ವರ್ಡ್‌ಪ್ರೆಸ್ ಮೇಲೆ ನಿಂತಿವೆ. ಆದರೆ ಸ್ವಂತ ಮನೆ ಅಂದಮೇಲೆ ನಲ್ಲಿ ಸೋರಿದರೂ ನಾವೇ ನೋಡ್ಕೋಬೇಕು. ಪ್ಲಗಿನ್ ಅಪ್‌ಡೇಟ್ ಮಾಡದೆ ಬಿಟ್ಟರೆ ಒಂದು ಬೆಳಗ್ಗೆ ನಿಮ್ಮ ಸೈಟ್ ಯಾವುದೋ ಜೂಜಿನ ಅಡ್ಡೆಯ ಜಾಹೀರಾತು ತೋರಿಸುತ್ತಿರುತ್ತೆ.

ಈ ತಲೆನೋವೇ ಬೇಡ ಅನ್ನುವವರಿಗಾಗಿ ಮುಂದಿನ ಪೀಳಿಗೆ ಹುಟ್ಟಿತು. ಆಂಥನಿ ಕ್ಯಾಸಲೀನಾ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಹಾಸ್ಟೆಲ್ ರೂಮಿನಲ್ಲಿ, ಅಪ್ಪ ಕೊಟ್ಟ 30,000 ಡಾಲರ್ ಇಟ್ಟುಕೊಂಡು ಸ್ಕ್ವೇರ್‌ಸ್ಪೇಸ್ ಶುರು ಮಾಡಿದರು. ಕೆನಡಾದಲ್ಲಿ ಟೋಬಿಯಸ್ ಲುಟ್ಕೆ ಸ್ನೋಬೋರ್ಡ್ ಮಾರಲು ತಮಗಾಗಿ ಬರೆದುಕೊಂಡ ತಂತ್ರಾಂಶ 2006ರಲ್ಲಿ ಶಾಪಿಫೈ ಆಯಿತು. ಅದೇ ವರ್ಷ ಇಸ್ರೇಲ್‌ನಲ್ಲಿ ಅವಿಶಾಯ್ ಅಬ್ರಹಾಮಿ, ನಡಾವ್ ಅಬ್ರಹಾಮಿ ಮತ್ತು ಗಿಯೋರಾ ಕಪ್ಲಾನ್ ವಿಕ್ಸ್ ಕಟ್ಟಿದರು. ಚಿತ್ರವನ್ನು ಮೌಸ್‌ನಿಂದ ಎಳೆದು ಬೇಕಾದ ಕಡೆ ಬಿಟ್ಟರೆ ಅಲ್ಲೇ ಕೂರುತ್ತಿತ್ತು. ಅದು ಸಾಧ್ಯವಾಗಿದ್ದು ಫ್ಲ್ಯಾಶ್ ತಂತ್ರಜ್ಞಾನದಿಂದ.

ಆ ಫ್ಲ್ಯಾಶ್‌ಗೆ ಗ್ರಹಚಾರ ಕಾದಿತ್ತು. ಐಫೋನ್ ಫ್ಲ್ಯಾಶ್ ಓಡಿಸುತ್ತಿರಲಿಲ್ಲ. ಯಾಕೆ ಓಡಿಸಲ್ಲ ಅಂತ 2010ರ ಏಪ್ರಿಲ್‌ನಲ್ಲಿ ಸ್ಟೀವ್ ಜಾಬ್ಸ್ ಒಂದು ಬಹಿರಂಗ ಪತ್ರವನ್ನೇ ಬರೆದರು. ಫ್ಲ್ಯಾಶ್‌ನಲ್ಲಿ ಕಟ್ಟಿದ ಸೈಟ್ ಐಫೋನ್‌ನಲ್ಲಿ ತೆರೆದರೆ ಖಾಲಿ ಖಾಲಿ. ಫೋಟೋಗ್ರಾಫರ್, ಯೋಗ ಟೀಚರ್, ಸಣ್ಣ ಹೋಟೆಲಿನವರು ಇಂಥ ಸೈಟ್ ಇಟ್ಟುಕೊಂಡಿದ್ದರೆ ತಾವಾಗಿ ಏನೂ ಮಾಡುವಂತಿರಲಿಲ್ಲ, ಓನರ್ ರಿಪೇರಿ ಮಾಡಿಸುವವರೆಗೆ ಕಾಯಬೇಕಿತ್ತು. ವಿಕ್ಸ್ ರಿಪೇರಿ ಮಾಡಿಸಿತು. 2012ರಲ್ಲಿ ಎಚ್‌ಟಿಎಂಎಲ್5 ಎಡಿಟರ್ ತಂದು, 2013ರ ನವೆಂಬರ್‌ನಲ್ಲಿ ನಾಸ್ಡಾಕ್ ಷೇರುಪೇಟೆಗೂ ಹೋಯಿತು. ಓನರ್ ಗಟ್ಟಿಯಾಗಿದ್ದರೆ ಬಾಡಿಗೆದಾರರಿಗೂ ಲಾಭ ಅನ್ನೋದಕ್ಕೆ ಇದು ಸಾಕ್ಷಿ. 2020ರ ಕೊನೆಗೆ ಅಡೋಬಿ ಫ್ಲ್ಯಾಶ್‌ಗೆ ಬೆಂಬಲ ನಿಲ್ಲಿಸಿದಾಗ, ತಾವೇ ಕೈಯಾರೆ ಫ್ಲ್ಯಾಶ್ ಸೈಟ್ ಮಾಡಿಕೊಂಡು ಹಾಗೇ ಬಿಟ್ಟಿದ್ದವರ ಪುಟಗಳು ತೆರೆಯದಾದವು.

ಹೊರಡುವಾಗ ಏನು ಸಿಗುತ್ತೆ ಅನ್ನೋ ಪ್ರಶ್ನೆಗೆ ಬಂದರೆ, ಒಬ್ಬೊಬ್ಬರ ಉತ್ತರ ಒಂದೊಂದು ಥರ. ವಿಕ್ಸ್‌ನಲ್ಲಿ ಕಟ್ಟಿದ ಸೈಟನ್ನು ಬೇರೆ ಸರ್ವರ್‌ಗೆ ಒಯ್ಯಲಾಗುವುದಿಲ್ಲ, ಅದನ್ನು ಕಂಪನಿಯೇ ಹೇಳುತ್ತದೆ. ಸ್ಕ್ವೇರ್‌ಸ್ಪೇಸ್‌ನಿಂದ ಬರಹಗಳನ್ನು ವರ್ಡ್‌ಪ್ರೆಸ್ ಓದುವ ರೂಪದಲ್ಲಿ ಸ್ವಲ್ಪಮಟ್ಟಿಗೆ ತೆಗೆದುಕೊಳ್ಳಬಹುದು, ವಿನ್ಯಾಸ ಬರಲ್ಲ. 2013ರಲ್ಲಿ ಬಂದ ವೆಬ್‌ಫ್ಲೋ ದುಡ್ಡು ಕೊಟ್ಟವರಿಗೆ ಕೋಡ್ ಇಳಿಸಿಕೊಳ್ಳಲು ಬಿಡುತ್ತದೆ, ಆದರೆ ಅದರ ಡೇಟಾಬೇಸ್ ಮೇಲೆ ನಿಂತ ಭಾಗಗಳು ಹೊರಗೆ ಬಂದಮೇಲೆ ಕೆಲಸ ಮಾಡುವುದಿಲ್ಲ. ಇದರಲ್ಲಿ ಮೋಸ ಏನೂ ಇಲ್ಲ, ಎಲ್ಲ ಷರತ್ತುಗಳಲ್ಲಿ ಬರೆದೇ ಇರುತ್ತೆ. ನಾವು ಮನೆ ಬಾಡಿಗೆ ಕರಾರನ್ನು ಎರಡು ಸಲ ಓದುತ್ತೇವೆ, ಅಡ್ವಾನ್ಸ್‌ನಲ್ಲಿ ಪೇಂಟಿಂಗ್‌ಗೆ ಎಷ್ಟು ಹಿಡಿದುಕೊಳ್ಳುತ್ತಾರೆ ಅಂತ ಮೊದಲೇ ಕೇಳುತ್ತೇವೆ. ವೆಬ್‌ಸೈಟ್ ವಿಷಯಕ್ಕೆ ಬಂದರೆ ಕಣ್ಣುಮುಚ್ಚಿ ‘ಐ ಅಗ್ರೀ’ ಒತ್ತುತ್ತೇವೆ.

ನಮ್ಮ ಊರಿನ ಅಂಗಡಿಗಳಿಗೆ ತೀರಾ ಹತ್ತಿರದ ಉದಾಹರಣೆ ಬೇಕೆಂದರೆ ಗೂಗಲ್‌ನದೇ ಇದೆ. 2017ರ ಜನವರಿಯಲ್ಲಿ ಸುಂದರ್ ಪಿಚೈ ದೆಹಲಿಗೆ ಬಂದಾಗ, ಭಾರತದ ಸಣ್ಣ ವ್ಯಾಪಾರಿಗಳಿಗೆ ಪುಕ್ಕಟೆ ವೆಬ್‌ಸೈಟ್ ಕೊಡುವ ಯೋಜನೆ ಪ್ರಕಟಿಸಿದರು. ಮೊಬೈಲ್‌ನಲ್ಲೇ ಕೆಲವು ನಿಮಿಷದಲ್ಲಿ ಸೈಟ್ ತಯಾರಾಗುತ್ತಿತ್ತು. ಗೂಗಲ್ ಮ್ಯಾಪ್‌ನಲ್ಲಿರೋ ವಿವರವನ್ನೇ ಅದು ಎತ್ತಿಕೊಳ್ಳುತ್ತಿತ್ತು. ವಿಳಾಸ ‘ಬಿಸಿನೆಸ್ ಡಾಟ್ ಸೈಟ್’ ಅಂತ ಮುಗಿಯುತ್ತಿತ್ತು. ಬ್ಯೂಟಿ ಪಾರ್ಲರ್, ಟೈಲರ್, ಪಿಜಿ, ಡ್ರೈವಿಂಗ್ ಸ್ಕೂಲ್ ಥರದವರಿಗೆ ಹೇಳಿ ಮಾಡಿಸಿದ್ದು. ವಿಳಾಸವನ್ನು ವಿಸಿಟಿಂಗ್ ಕಾರ್ಡಿಗೆ ಹಾಕಿಸಿ, ಬೋರ್ಡಿಗೆ ಬರೆಸಿದವರೂ ಇದ್ದರು. 2024ರ ಮಾರ್ಚ್‌ನಲ್ಲಿ ಗೂಗಲ್ ಆ ಸೈಟ್‌ಗಳನ್ನೆಲ್ಲ ಮುಚ್ಚಿತು. ಜೂನ್ 10ರವರೆಗೆ ಹಳೆ ವಿಳಾಸಕ್ಕೆ ಬಂದವರನ್ನು ಅಂಗಡಿಯ ಗೂಗಲ್ ಪ್ರೊಫೈಲ್‌ಗೆ ಕಳಿಸುತ್ತಿತ್ತು, ಆಮೇಲೆ ಅದೂ ನಿಂತಿತು. ಬೋರ್ಡು ಮತ್ತೆ ಬರೆಸೋ ಖರ್ಚು ಅಂಗಡಿಯವರದ್ದೇ.

ಇದರಲ್ಲಿ ಡಿಸೈನು, ಕೋಡು ಹೋಗಿದ್ದಕ್ಕಿಂತ ದೊಡ್ಡ ನಷ್ಟ ವಿಳಾಸ ಹೋಗಿದ್ದು. ಪುಟ ಮತ್ತೆ ಕಟ್ಟಬಹುದು. ಏಳು ವರ್ಷ ಗಿರಾಕಿಗಳಿಗೆ ಹೇಳಿಕೊಂಡು ಬಂದ ವಿಳಾಸವನ್ನು ಮತ್ತೆ ಕಟ್ಟೋಕಾಗಲ್ಲ. ಅದಕ್ಕೇ, ಸೈಟನ್ನು ಯಾವ ವೇದಿಕೆಯಲ್ಲಾದರೂ ಮಾಡಿ, ಡೊಮೇನ್ ಮಾತ್ರ ನಿಮ್ಮ ಹೆಸರಲ್ಲೇ ಕೊಂಡುಕೊಳ್ಳಿ. ವರ್ಷಕ್ಕೆ ಒಂದೆರಡು ಸಿನಿಮಾ ಟಿಕೆಟ್‌ನಷ್ಟು ಖರ್ಚು. ಮನೆ ಬದಲಾದರೂ ಕಾಗದ ಬಂದು ತಲುಪುತ್ತೆ. ಬರೆದದ್ದರ, ಫೋಟೋಗಳ, ಗಿರಾಕಿಗಳ ಪಟ್ಟಿಯ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ.

ಈಗ ಎಐ ಬಂದು ಆಟ ಮತ್ತೆ ಬದಲಾಗುತ್ತಿದೆ. 2025ರ ಫೆಬ್ರವರಿಯಲ್ಲಿ ಆಂಡ್ರೇ ಕಾರ್ಪಥಿ ‘ವೈಬ್ ಕೋಡಿಂಗ್’ ಅಂತ ಹೆಸರಿಟ್ಟ ಮೇಲೆ, ಬಾಯಲ್ಲಿ ಹೇಳಿ ಸೈಟ್ ಮಾಡಿಸಿಕೊಳ್ಳುವುದು ಫ್ಯಾಷನ್ ಆಯಿತು. ಇದರಲ್ಲಿ ಒಂದು ತಮಾಷೆ ಇದೆ. ಮೂವತ್ತು ವರ್ಷ ನಮ್ಮಿಂದ ಕೋಡ್ ಮುಚ್ಚಿಟ್ಟು ಅನುಕೂಲ ಕೊಟ್ಟರು. ಈಗಿನ ಎಷ್ಟೋ ಎಐ ಸಾಧನಗಳು ಕೋಡನ್ನೇ ಬರೆದು ಕೈಗಿಡುತ್ತವೆ. ಅದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಆದರೆ ಅದು ಕೆಟ್ಟರೆ ಯಾಕೆ ಕೆಟ್ಟಿತು ಅಂತ ನಮಗೂ ಗೊತ್ತಿರಲ್ಲ, ಕೇಳೋಣ ಅಂದರೆ ಬರೆದವರೂ ಯಾರೂ ಇಲ್ಲ. ಅಷ್ಟರಮಟ್ಟಿಗೆ ಸುಂಕದ ರೂಪ ಬದಲಾಗಿದೆ.

ಸರ್ನ್‌ನವರು 2013ರಲ್ಲಿ ಒಂದು ಕೆಲಸ ಮಾಡಿದರು. ಬರ್ನರ್ಸ್-ಲೀ ಮಾಡಿದ ಮೊದಲ ವೆಬ್‌ಸೈಟ್‌ನ ಹಳೆಯ ಪ್ರತಿಯೊಂದನ್ನು ಹುಡುಕಿ, ಅದರ ಮೂಲ ವಿಳಾಸದಲ್ಲೇ ಮತ್ತೆ ಇಟ್ಟರು: ಇನ್ಫೋ ಡಾಟ್ ಸರ್ನ್ ಡಾಟ್ ಸಿಎಚ್. ಹೋಗಿ ನೋಡಿ. ಬಿಳಿ ಹಾಳೆ, ಕಪ್ಪು ಅಕ್ಷರ, ನೀಲಿ ಲಿಂಕು, ಅಷ್ಟೇ. ಐಫೋನ್ ಕನಸಿನಲ್ಲೂ ಇಲ್ಲದ ಕಾಲದ ಪುಟ ಐಫೋನ್‌ನಲ್ಲಿ ಒಂದು ಕ್ಷಣಕ್ಕೆ ತೆರೆದುಕೊಳ್ಳುತ್ತೆ. ಬರೀ ಒಂದು ಫೈಲ್ ಆಗಿದ್ದರಿಂದ ಯಾರೋ ಅದರ ಪ್ರತಿ ಮಾಡಿಟ್ಟಿದ್ದರು. ವಿಳಾಸ ಸರ್ನ್‌ನದೇ ಆಗಿದ್ದರಿಂದ ಆ ಪ್ರತಿಯನ್ನು ತಂದು ಮತ್ತೆ ಅಲ್ಲೇ ಇಡೋಕಾಯ್ತು.